ಆಕರಸೂಚಿಗೆ ಕನ್ನಡದ್ದೇ ಕ್ರಮ ಬೇಕು

ಸಂಶೋಧನಾ ಬರಹದಲ್ಲಿ ಉಲ್ಲೇಖಕ್ಕಿರುವ ಕೆಲಸ ಒಂದೇ. ಲೇಖಕ ಯಾವ ಪುಟವನ್ನು ನೋಡಿ ಮಾತನಾಡಿದ್ದಾನೋ ಆ ಪುಟವನ್ನೇ ಓದುಗನೂ ತೆರೆದು ನೋಡುವಂತಾಗಬೇಕು. ಹೆಸರಿನ ನಂತರ ಅಲ್ಪವಿರಾಮವೋ ಪೂರ್ಣವಿರಾಮವೋ, ವರ್ಷ ಆವರಣದೊಳಗೋ ಹೊರಗೋ ಎಂಬ ನಿಯಮಗಳೆಲ್ಲ ಈ ಕೆಲಸಕ್ಕೆ ಒತ್ತಾಸೆಯಾಗಿ ಬಂದವು. ಕನ್ನಡದ ಸಂಶೋಧನಾ ಪ್ರಬಂಧಗಳಲ್ಲಿ ಈಗ ಕಾಣುವುದು ಇದರ ತಿರುವುಮುರುವು: ವಿರಾಮಚಿಹ್ನೆಗಳೆಲ್ಲ ಸರಿಯಾಗಿರುತ್ತವೆ, ಹುಡುಕಿಕೊಂಡು ಹೋದವರಿಗೆ ಪುಟ ಮಾತ್ರ ಸಿಗುವುದಿಲ್ಲ.

ಇಂದು ಬಳಕೆಯಲ್ಲಿರುವ ಶೈಲಿಗಳು ಒಂದೊಂದೂ ಒಂದೊಂದು ಶಾಸ್ತ್ರದ ಅಗತ್ಯದಿಂದ ಹುಟ್ಟಿದವು. ಲೇಖಕನ ಹೆಸರು ಮತ್ತು ವರ್ಷವನ್ನು ಬರಹದ ನಡುವೆಯೇ ಆವರಣದಲ್ಲಿ ಕೊಡುವ ರೂಢಿಯನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಬಸವನಹುಳುವಿನ ಜಾತಿಯ ಜೀವಿಯೊಂದರ ಮೇಲೆ ಬರೆದ ಪ್ರಬಂಧಕ್ಕೆ ಸಲ್ಲಿಸಲಾಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ತನ್ನ ಕೈಪಿಡಿಯನ್ನು ಮೊದಲು ಹೊರತಂದದ್ದು 1906ರಲ್ಲಿ. ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ ಶೈಲಿ 1929ರಲ್ಲಿ ಏಳು ಪುಟಗಳ ಲೇಖನವಾಗಿ ಶುರುವಾಗಿ, 2019ರ ಏಳನೇ ಆವೃತ್ತಿಯ ಹೊತ್ತಿಗೆ ನಾನೂರು ಪುಟ ದಾಟಿತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ಒಪ್ಪಿಕೊಂಡ ಕ್ರಮದಲ್ಲಿ ಬರಹದೊಳಗೆ ಅಂಕಿ ಮಾತ್ರ ಉಳಿಯುತ್ತದೆ. ಪ್ರಯೋಗದ ಫಲಿತಾಂಶ ಎಷ್ಟು ಹೊಸದು ಎಂಬುದು ಮುಖ್ಯವಾದ ಶಾಸ್ತ್ರಕ್ಕೆ ವರ್ಷ ಎದ್ದುಕಾಣಬೇಕು. ಸಾಹಿತ್ಯದ ಓದುಗನಿಗೆ ವರ್ಷಕ್ಕಿಂತ ಪುಟ ಮುಖ್ಯ. ಹಾಗಾಗಿ ಅಮೆರಿಕದ ಆಧುನಿಕ ಭಾಷಾ ಸಂಘದ ಎಂಎಲ್‌ಎ ಶೈಲಿ ಆವರಣದಲ್ಲಿ ಪುಟಸಂಖ್ಯೆಯನ್ನು ಇಡುತ್ತದೆ. ದಫ್ತರಗಳ ಕಡತಗಳನ್ನು ಹಿಡಿದು ಕೂರುವ ಚರಿತ್ರಕಾರನ ವಿವರಗಳು ಯಾವ ಆವರಣದೊಳಗೂ ಹಿಡಿಸುವುದಿಲ್ಲ. ಅವನು ಅಡಿಟಿಪ್ಪಣಿ ಬಿಟ್ಟುಕೊಟ್ಟಿಲ್ಲ.

ಕನ್ನಡ ಅಧ್ಯಯನಕ್ಕೂ ಅದರದೇ ಅಗತ್ಯಗಳಿವೆ. ತಾಳೆಗರಿಯಿಂದ ಸಂಪಾದಿಸಿದ ಕಾವ್ಯ, ಶಾಸನ, ವಚನ, ಜನಪದ ಹಾಡು, ಹತ್ತಾರು ಮುದ್ರಣ ಕಂಡ ಕಾದಂಬರಿ ಇವು ಅದರ ಆಕರಗಳು. ಪಿಎಚ್‌.ಡಿ. ಮಾರ್ಗಸೂಚಿಯಲ್ಲಿ ‘ಎಪಿಎ ಅಥವಾ ಎಂಎಲ್‌ಎ’ ಎಂದು ಒಂದು ಸಾಲು ಬರೆದು ಮುಗಿಸಿದರೆ ಇವುಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕಂತಾಗುವುದಿಲ್ಲ.

ತೊಡಕು ಹೆಸರಿನಿಂದಲೇ ಶುರು. ಕುಟುಂಬನಾಮ ಮೊದಲು, ಸ್ವಂತ ಹೆಸರು ಅಥವಾ ಅದರ ಮೊದಲಕ್ಷರ ಆಮೇಲೆ ಎಂಬುದು ಈ ಶೈಲಿಗಳ ಸಾಮಾನ್ಯ ನಿಯಮ. ಉತ್ತರ ಕರ್ನಾಟಕದ ಬೇಂದ್ರೆ, ಗೋಕಾಕ, ಕಲಬುರ್ಗಿ, ಕರಾವಳಿಯ ಕಾರಂತ ಇಂಥ ಹೆಸರುಗಳಿಗೆ ಅದು ಒಗ್ಗುತ್ತದೆ. ಅವು ಮನೆತನದ ಹೆಸರುಗಳೇ. ಹಳೇ ಮೈಸೂರಿನ ಕಡೆ ಮುಂದಿರುವ ಅಕ್ಷರಗಳು ಸಾಮಾನ್ಯವಾಗಿ ಊರು ಮತ್ತು ತಂದೆಯ ಹೆಸರಿನವು, ಕೊನೆಯದು ವ್ಯಕ್ತಿಯ ಸ್ವಂತ ಹೆಸರು. ‘ಅನಂತಮೂರ್ತಿ, ಯು.ಆರ್.’ ಎಂದು ತಿರುಗಿಸಿ ಬರೆದರೆ ಕನ್ನಡದಲ್ಲಿ ಹಾನಿಯೇನಿಲ್ಲ. ಇಂಥ ಹೆಸರು ಇಂಗ್ಲಿಷ್ ಸೂಚಿಗೆ ಹೋದಾಗ ಕಷ್ಟ. ಎಂ. ಚಿದಾನಂದಮೂರ್ತಿ ಎಂಬುದನ್ನು ಒಡೆದು ಬರೆದ ಕೂಡಲೇ ಸೂಚಿ ತಯಾರಿಸುವ ತಂತ್ರಾಂಶ ‘ಮೂರ್ತಿ’ಯನ್ನು ಮನೆತನವೆಂದು ತಿಳಿದು ‘ಚಿದಾನಂದ’ವನ್ನು ಒಂದಕ್ಷರಕ್ಕೆ ಇಳಿಸುತ್ತದೆ. ‘ಮೂರ್ತಿ, 1966’ ಎಂದು ಓದಿದವನಿಗೆ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ನೆನಪಾಗಬೇಕೆಂದರೆ ಅವನಿಗೆ ಉತ್ತರ ಮೊದಲೇ ಗೊತ್ತಿರಬೇಕು.

ಈ ಗಂಟನ್ನು ಬಿಡಿಸಲು ಹೊರಗಿನವರನ್ನು ಕಾಯಬೇಕಾಗಿರಲಿಲ್ಲ. 1934ರಲ್ಲೇ ಗ್ರಂಥಸೂಚೀಕರಣದ ನಿಯಮಗಳನ್ನು ಪ್ರಕಟಿಸಿದ ಎಸ್.ಆರ್. ರಂಗನಾಥನ್ ಭಾರತೀಯ ಹೆಸರುಗಳ ಬಗ್ಗೆ ತಲೆಕೆಡಿಸಿಕೊಂಡಿದ್ದವರು; ಬೆಂಗಳೂರಿನಲ್ಲಿ 1962ರಲ್ಲಿ ದಸ್ತಾವೇಜೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ. ಅವರ ಹೆಸರೇ ಒಳ್ಳೆಯ ಉದಾಹರಣೆ: ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ಸ್ವಂತ ಹೆಸರು. ದಾಖಲಾತಿ ರಂಗನಾಥನ್ ಎಂಬುದರ ಕೆಳಗೆ ಬಂದು, ಉಳಿದದ್ದು ಆವರಣದಲ್ಲಿ ಪೂರ್ಣವಾಗಿ ನಿಲ್ಲಬೇಕು. ಹೆಸರಿನ ಯಾವ ಭಾಗ ವ್ಯಕ್ತಿಯನ್ನು ಗುರುತಿಸುತ್ತದೋ ಅದು ಮುಂದೆ ಬರಬೇಕು ಎಂಬುದು ಇಲ್ಲಿನ ತತ್ವ. ಅದು ಕುಟುಂಬನಾಮವೇ ಆಗಬೇಕೆಂದಿಲ್ಲ.

ಕಾವ್ಯನಾಮದ ವಿಚಾರದಲ್ಲಂತೂ ಒಂದೇ ಪ್ರಬಂಧದೊಳಗೆ ಮೂರು ರೂಪ ಸಿಗುತ್ತವೆ. ಪಠ್ಯದಲ್ಲಿ ಕುವೆಂಪು, ಅಡಿಟಿಪ್ಪಣಿಯಲ್ಲಿ ಕೆ.ವಿ. ಪುಟ್ಟಪ್ಪ, ಸೂಚಿಯಲ್ಲಿ ‘ಪುಟ್ಟಪ್ಪ, ಕೆ.ವಿ.’. ಪುಸ್ತಕದ ಶೀರ್ಷಿಕೆಪುಟದಲ್ಲಿ ಯಾವ ಹೆಸರಿದೆಯೋ ಅದರಲ್ಲೇ ದಾಖಲಿಸಿ, ಇನ್ನೊಂದು ಹೆಸರಿನಿಂದ ‘ನೋಡಿ’ ಎಂದು ಸೂಚನೆ ಕೊಡುವುದು ಸರಳ ದಾರಿ. ತೀ.ನಂ.ಶ್ರೀ., ಪು.ತಿ.ನ. ಅವರ ಹೆಸರುಗಳನ್ನು ಹಿಂದುಮುಂದು ಮಾಡುವ ಗೋಜೇ ಬೇಡ. ‘ನ., ಪು.ತಿ.’ ಎಂದು ಬರೆಯುವ ನಿಯಮನಿಷ್ಠೆ ನಗೆಪಾಟಲಿಗೆ ಈಡಾಗುವುದಷ್ಟೇ.

ವರ್ಷದ ಸಮಸ್ಯೆ ಸಣ್ಣದು, ಆದರೆ ವಾದವನ್ನೇ ಕೆಡಿಸಬಲ್ಲದು. ‘ಕಾನೂರು ಹೆಗ್ಗಡತಿ’ 1936ರ ಕಾದಂಬರಿ. ಕೈಗೆ ಸಿಕ್ಕ ಮರುಮುದ್ರಣದ ಇಸವಿಯನ್ನಷ್ಟೇ ಆವರಣದಲ್ಲಿ ಹಾಕಿದರೆ ಅದು ತನಗಿಂತ ಎಷ್ಟೋ ಈಚಿನ ಕೃತಿಗಳ ನಂತರದ್ದೆಂಬಂತೆ ಕಾಣುತ್ತದೆ. ಕಾಲಾನುಕ್ರಮದ ಚರ್ಚೆಯಲ್ಲಿ ಇದು ನೇರವಾದ ತಪ್ಪು. ಮೊದಲ ಪ್ರಕಟಣೆಯ ವರ್ಷ, ಬಳಸಿದ ಮುದ್ರಣದ ವರ್ಷ ಎರಡನ್ನೂ ಕೊಡಲು ಎಪಿಎ ಕೂಡ ಅವಕಾಶ ಕೊಟ್ಟಿದೆ. ಪುಟಸಂಖ್ಯೆ ಎರಡನೆಯದಕ್ಕೆ ಸೇರಿದ್ದು.

ಹಳಗನ್ನಡದ ಕೃತಿಗಳಿಗೆ ಬಂದಾಗ ಪುಟಸಂಖ್ಯೆಯ ಮಹತ್ವವೇ ಇಳಿದುಹೋಗುತ್ತದೆ. ಪಂಪಭಾರತವನ್ನು ಆಶ್ವಾಸ ಮತ್ತು ಪದ್ಯದಿಂದ, ಕುಮಾರವ್ಯಾಸನನ್ನು ಪರ್ವ, ಸಂಧಿ, ಪದ್ಯದಿಂದ ಗುರುತಿಸುವುದು ಹಿಂದಿನ ವಿದ್ವಾಂಸರ ರೂಢಿ. ಯಾವ ಮುದ್ರಣ ಕೈಯಲ್ಲಿದ್ದರೂ ಆ ಪದ್ಯಕ್ಕೆ ತಲುಪಬಹುದಾದ ಈ ಪದ್ಧತಿ ಯಾವ ಪಾಶ್ಚಾತ್ಯ ಕೈಪಿಡಿಗೂ ಕಡಿಮೆಯದಲ್ಲ. ಅದನ್ನು ಬಿಟ್ಟು ‘ಪಂಪ, ಪು. 112’ ಎಂದು ಬರೆಯುವುದು ಹಿನ್ನಡೆ. ಪಾಠಾಂತರವೇ ವಾದದ ಜೀವಾಳವಾಗಿದ್ದರೆ ಸಂಪಾದಕನ ಹೆಸರೂ ಬರಬೇಕು, ಏಕೆಂದರೆ ಆಗ ಉಲ್ಲೇಖವಾಗುತ್ತಿರುವುದು ಸಂಪಾದಕನ ತೀರ್ಮಾನ.

ಕೆಲವೊಮ್ಮೆ ಸೂಚಿಯ ಒಂದು ಸಾಲೇ ವಿವಾದವೊಂದರಲ್ಲಿ ಪಕ್ಷ ವಹಿಸಿಬಿಡುತ್ತದೆ. ‘ಕವಿರಾಜಮಾರ್ಗ’ವನ್ನು ನೃಪತುಂಗನ ಹೆಸರಿನಲ್ಲಿ ಇಡಬೇಕೇ, ಶ್ರೀವಿಜಯನ ಹೆಸರಿನಲ್ಲೇ? ಕೆ.ಬಿ. ಪಾಠಕರ 1898ರ ಆವೃತ್ತಿ ಅದನ್ನು ನೃಪತುಂಗನದೆಂದಿತು, ಎಂ.ವಿ. ಸೀತಾರಾಮಯ್ಯನವರ ಆವೃತ್ತಿಯ ಹೊದಿಕೆಯ ಮೇಲೆಯೇ ಶ್ರೀವಿಜಯನಿದ್ದಾನೆ. ಪ್ರಬಂಧಕಾರನಿಗೆ ಈ ಚರ್ಚೆಗೆ ಇಳಿಯುವ ಇರಾದೆ ಇಲ್ಲದಿದ್ದರೆ ಕೃತಿಯ ಹೆಸರಿನಲ್ಲೇ ದಾಖಲಿಸುವುದು ಲೇಸು.

ವಚನಗಳಲ್ಲಿ ಅಂಕಿತ ಕರ್ತೃವನ್ನು ತಿಳಿಸುತ್ತದೆ, ಸ್ಥಳವನ್ನಲ್ಲ. ಕರ್ನಾಟಕ ಸರ್ಕಾರ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಹೊರತಂದ ಮೇಲೆ ಸಂಪುಟ ಮತ್ತು ವಚನಸಂಖ್ಯೆ ಕೊಟ್ಟರೆ ಸಾಕು ಎನ್ನುವ ಅನುಕೂಲ ಒದಗಿತು. ಹಿಂದಿನ ಸಂಕಲನಗಳ ಸಂಖ್ಯೆಗಳು ಬೇರೆ. ಯಾವ ಆವೃತ್ತಿಯ ಸಂಖ್ಯೆ ಎಂದು ಹೇಳದೆ ‘ಬಸವಣ್ಣ, 59’ ಎಂದಷ್ಟೇ ಬರೆದರೆ ಓದುಗ ಎರಡು ಮೂರು ಪುಸ್ತಕ ತಿರುವಬೇಕಾಗುತ್ತದೆ.

ಈ ಗೊಂದಲ ಅತಿಯಾಗಿರುವುದು ಶಾಸನಗಳಲ್ಲಿ. ಬಿ.ಎಲ್. ರೈಸ್ 1886ರಿಂದ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ತಾಲ್ಲೂಕುವಾರು ಸಂಖ್ಯೆ ಕೊಟ್ಟವು. ಕದಂಬರ ತಾಳಗುಂದ ಸ್ತಂಭಶಾಸನ ಏಳನೇ ಸಂಪುಟದ ಶಿಕಾರಿಪುರ 176. ಇಷ್ಟು ಹೇಳಿದರೆ ಶಾಸನ ಬಲ್ಲವರಿಗೆ ಬೇರೇನೂ ಬೇಡ. ಆದರೆ ಸಂಪುಟಗಳು ಪರಿಷ್ಕೃತವಾಗುತ್ತ ಹೋದವು. ಶ್ರವಣಬೆಳಗೊಳದ ಎರಡನೇ ಸಂಪುಟವನ್ನೇ ನೋಡಬಹುದು. ರೈಸ್ 1889ರಲ್ಲಿ ಕೊಟ್ಟ ಶಾಸನಗಳು 144, ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದಾಗ 573. ಮೂರಕ್ಕೂ ‘ಎರಡನೇ ಸಂಪುಟ’ ಎಂದೇ ಹೆಸರು. ವರ್ಷವನ್ನಾಗಲಿ ಸಂಪಾದಕನನ್ನಾಗಲಿ ಹೇಳದ ‘ಎ.ಕ. 2, ಶ್ರವಣಬೆಳಗೊಳ 64’ ಎಂಬ ಉಲ್ಲೇಖ ಯಾವ ಕಲ್ಲನ್ನು ತೋರಿಸುತ್ತದೆಂದು ಹೇಳಲಾಗದು. ಬೇರೆ ಜಿಲ್ಲೆಗಳ ವಿಷಯದಲ್ಲಿ ಪರಿಷ್ಕೃತ ಸಂಪುಟಗಳ ಕ್ರಮವೇ ಬದಲಾಗಿದೆ.

ಎಲ್ಲ ಶಾಸನಗಳಿಗೂ ಈ ಒಂದೇ ಮಾಲೆ ಸಾಲದು. ಹಲ್ಮಿಡಿ ಶಾಸನಕ್ಕೆ ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಗೆ ಹೋಗಬೇಕು. ಉತ್ತರ ಕರ್ನಾಟಕದ ಎಷ್ಟೋ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿವೆ. ಶಾಸನಕ್ಕೆ ಊರು, ತಾಲ್ಲೂಕು, ಶಕವರ್ಷ, ಮಾಲೆ, ಸಂಪುಟ, ಆವೃತ್ತಿಯ ವರ್ಷ, ಸಂಖ್ಯೆ ಇಷ್ಟೂ ಬೇಕು. ಲೇಖಕ, ವರ್ಷ, ಶೀರ್ಷಿಕೆ, ಪ್ರಕಾಶಕ ಎಂಬ ನಾಲ್ಕು ಖಾನೆಗಳಲ್ಲಿ ಅದು ಕೂರುವುದಿಲ್ಲ. ಕಲ್ಲಿಗೆ ಪ್ರಕಾಶಕ ಯಾರು?

ಸಂಕ್ಷೇಪಾಕ್ಷರಗಳೂ ದಾರಿ ತಪ್ಪಿಸುತ್ತವೆ. ಕನ್ನಡ ಸೂಚಿಗಳಲ್ಲಿ ‘ಸಂ.’ ಎಂಬುದು ಒಮ್ಮೆ ಸಂಪಾದಕ, ಒಮ್ಮೆ ಸಂಪುಟ, ಒಮ್ಮೆ ಸಂಚಿಕೆ, ಇನ್ನೊಮ್ಮೆ ಸಂಖ್ಯೆ. ‘ಪ್ರಬುದ್ಧ ಕರ್ನಾಟಕ, ಸಂ. 23, ಸಂ. 4’ ಎಂಬಲ್ಲಿ ಊಹಿಸಬಹುದು, ‘ಸಂ. 4’ ಎಂದಷ್ಟೇ ಇದ್ದರೆ ಆಗದು. ನಾಲ್ಕನ್ನೂ ಬಿಡಿಸಿ ಬರೆದರೆ ಹೆಚ್ಚಾಗುವ ಶಾಯಿ ಲೆಕ್ಕಕ್ಕೇ ಬಾರದು. ಇಂಗ್ಲಿಷ್ ಶೈಲಿಗಳು ದೊಡ್ಡಕ್ಷರ, ಸಣ್ಣಕ್ಷರ, ಓರೆ ಅಕ್ಷರಗಳಿಂದ ಪುಸ್ತಕವನ್ನೂ ಲೇಖನವನ್ನೂ ಬೇರ್ಪಡಿಸುತ್ತವೆ. ಕನ್ನಡ ಲಿಪಿಯಲ್ಲಿ ಮೊದಲ ಎರಡು ಇಲ್ಲ, ಮೂರನೆಯದು ಅಚ್ಚಿನಲ್ಲಿ ಚೆಂದ ಕಾಣುವುದಿಲ್ಲ. ಪುಸ್ತಕಕ್ಕೆ ದಪ್ಪ ಅಕ್ಷರ, ಲೇಖನಕ್ಕೆ ಉದ್ಧರಣ ಚಿಹ್ನೆ ಎಂದು ಒಪ್ಪಿಕೊಂಡರೆ ಮುಗಿಯಿತು.

ಇಷ್ಟು ಕಾಲವೂ ಹೇಗೋ ನಡೆದುಹೋಗುತ್ತಿದ್ದ ಈ ವಿಷಯಕ್ಕೆ ಬಿಸಿ ಮುಟ್ಟಿದ್ದು ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳಿಂದ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ; ಅದು ಶೇ 60 ಮೀರಿದರೆ ಪ್ರಬಂಧದ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖಿಸಿದ ಉದ್ಧರಣೆಗಳು, ಆಕರಸೂಚಿ ಈ ಲೆಕ್ಕದಿಂದ ಹೊರಗೆ. ಚೌರ್ಯಕ್ಕೆ ಕಡಿವಾಣ ಬೇಕಿತ್ತು, ನಿಜ. ಆದರೆ ಇದರ ಅಡ್ಡಪರಿಣಾಮವಾಗಿ ಉಲ್ಲೇಖವೆಂದರೆ ಶೇಕಡಾವಾರು ಇಳಿಸುವ ಉಪಾಯ ಎಂಬ ಭಾವನೆ ಬೆಳೆಯಿತು. ನೋಡದ ಪುಸ್ತಕಗಳನ್ನು ಇನ್ನೊಬ್ಬರ ಸೂಚಿಯಿಂದ ಎತ್ತಿಕೊಂಡು ಪಟ್ಟಿ ಉದ್ದ ಮಾಡುವುದು ಹಳೆಯ ಚಾಳಿ. ಹೋಲಿಕೆ ಅಳೆಯುವ ಯಂತ್ರ ಅದನ್ನು ಹಿಡಿಯುವುದಿಲ್ಲ. ಈಗ ಕೃತಕ ಬುದ್ಧಿಮತ್ತೆ ಇಲ್ಲದ ಪುಸ್ತಕಕ್ಕೂ ಅಚ್ಚುಕಟ್ಟಾದ ಎಪಿಎ ಸಾಲು ಬರೆದುಕೊಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಆ ಉಲ್ಲೇಖಗಳ ರೂಪದಲ್ಲಿ ದೋಷ ಕಂಡಿರಲಿಲ್ಲ. ಎದುರು ಪಕ್ಷದವರು ಹುಡುಕಲು ಹೋದಾಗ ತೀರ್ಪುಗಳೇ ಇರಲಿಲ್ಲ. ಪರೀಕ್ಷಕರು ಸೂಚಿಯಿಂದ ಐದಾರು ಸಾಲುಗಳನ್ನು ಆಯ್ದು, ಆ ಪುಟಗಳನ್ನು ಹುಡುಕಿ ನೋಡುವುದು ಹೋಲಿಕೆಯ ವರದಿಗಿಂತ ಹೆಚ್ಚು ಹೇಳುತ್ತದೆ.

ಕನ್ನಡಕ್ಕೆ ಬೇಕಾದ ಹೊಸ ಕೈಪಿಡಿ ಇನ್ನೂರು ಪುಟದ್ದಾಗಬೇಕಿಲ್ಲ. ಹೆಸರು, ಕಾವ್ಯನಾಮ, ಎರಡು ವರ್ಷ, ಪದ್ಯಸಂಖ್ಯೆ, ವಚನ, ಶಾಸನ, ಹಸ್ತಪ್ರತಿ, ಕ್ಷೇತ್ರಕಾರ್ಯದ ಸಂದರ್ಶನ ಇವುಗಳಿಗೆ ಒಂದೊಂದು ಮಾದರಿ ಇರುವ ಹತ್ತು ಪುಟ ಸಾಕು. ಅದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಉಳಿದ ಕನ್ನಡ ಅಧ್ಯಯನ ವಿಭಾಗಗಳು ಕೂಡಿ ಒಪ್ಪಬೇಕು. ಇಂಗ್ಲಿಷ್ ಪತ್ರಿಕೆಗೆ ಬರೆಯುವಾಗ ಆ ಪತ್ರಿಕೆ ಕೇಳಿದ ಶೈಲಿ, ಅದರಲ್ಲಿ ಜಗಳವಿಲ್ಲ.

ತಂತ್ರಾಂಶ ಇದಕ್ಕೆ ಅಡ್ಡಿಯಾಗುವುದಿಲ್ಲ. ಉಚಿತವಾಗಿ ಸಿಗುವ ಜೊಟೆರೊದಲ್ಲಿ ಹೆಸರನ್ನು ಎರಡು ಭಾಗ ಮಾಡದೆ ಒಂದೇ ಖಾನೆಯಲ್ಲಿ ತುಂಬಬಹುದು. ಕುವೆಂಪು ಕುವೆಂಪುವಾಗಿಯೇ ಉಳಿಯುತ್ತಾರೆ. ಆದರೆ ‘ಯು.ಆರ್. ಅನಂತಮೂರ್ತಿ’ ಎಂದು ಹಾಗೇ ತುಂಬಿದರೆ ಅವರು ‘ಯ’ಕಾರದ ಕೆಳಗೆ ಹೋಗಿ ಕೂರುತ್ತಾರೆ. ಯಾವುದು ಮುಂದೆ ಎಂಬುದನ್ನು ತುಂಬುವವರೇ ನಿರ್ಧರಿಸಿರಬೇಕು. ಕನ್ನಡ ಮತ್ತು ಇಂಗ್ಲಿಷ್ ಆಕರಗಳನ್ನು ಬೆರೆಸದೆ ಎರಡು ಪಟ್ಟಿ ಮಾಡುವುದು, ಕನ್ನಡದ್ದನ್ನು ವರ್ಣಮಾಲೆಯ ಕ್ರಮದಲ್ಲಿಡುವುದು ಒಳ್ಳೆಯದು. ಇದೆಲ್ಲ ಆಗಬೇಕಾದರೆ ಪ್ರಬಂಧ ಯುನಿಕೋಡ್‌ನಲ್ಲಿರಬೇಕು. ಹಳೆಯ ಸಂಕೇತದ ನುಡಿ, ಬರಹ ಅಕ್ಷರಗಳಲ್ಲಿ ಟೈಪಿಸಿದ ಕಡತ ಯಂತ್ರಕ್ಕೆ ಲ್ಯಾಟಿನ್ ಅಕ್ಷರಗಳ ಗೋಜಲಾಗಿಯೇ ಕಾಣುತ್ತದೆ. ಅದರೊಳಗಿನ ಸೂಚಿಯನ್ನು ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ, ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ಹೆಸರಿನಿಂದ ಹುಡುಕಿದರೆ ಅದರೊಳಗಿನ ಪಠ್ಯ ಸಿಗುವುದೂ ಇಲ್ಲ.