ನಮ್ಮ ಮನೇಲಿ ಎಲ್ಲರಿಗೂ ಹಾಗೇ!

ಕಾಯಿ ತುರಿಯುವಾಗ ಬೆರಳು ತರಚಿದರೆ ಏನು ಮಾಡ್ತೀವಿ? ನಲ್ಲಿ ನೀರಿಗೆ ಹಿಡಿದು, ಒಂದಿಷ್ಟು ಹೊತ್ತು ಒತ್ತಿಕೊಂಡು, ಮತ್ತೆ ತುರಿಯೋಕೆ ಕೂರ್ತೀವಿ. ರಕ್ತ ತಾನಾಗೇ ನಿಂತಿರುತ್ತೆ. ಯಾಕೆ ನಿಂತಿತು ಅಂತ ಯಾರೂ ಕೇಳಲ್ಲ.

ನಾನು ಕೇಳಿಕೊಂಡದ್ದು ಚಿಕ್ಕಮ್ಮನ ಮಗಳಿಂದಾಗಿ. ಹಲ್ಲು ಕೀಳಿಸಿದ ಮಾರನೇ ದಿನವೂ ಅವಳ ಬಾಯಲ್ಲಿ ರಕ್ತ. ಮುಟ್ಟಾದರೆ ಎಂಟೊಂಬತ್ತು ದಿನ, ಗಂಟೆಗೊಂದು ಪ್ಯಾಡ್. "ನಮ್ಮ ಮನೇಲಿ ಎಲ್ಲರಿಗೂ ಹಾಗೇ" ಅಂತ ಅಜ್ಜಿ; "ಕಬ್ಬಿಣದ ಮಾತ್ರೆ ತಗೊಳ್ಳಮ್ಮ" ಅಂತ ಡಾಕ್ಟರು. ಹತ್ತು ವರ್ಷ ಕಳೆದ ಮೇಲೆ ರಕ್ತರೋಗ ತಜ್ಞರೊಬ್ಬರು ಬೇರೆ ಪರೀಕ್ಷೆ ಬರೆದುಕೊಟ್ಟರು. ಅವಳಲ್ಲಿ ಕಡಿಮೆಯಿದ್ದದ್ದು ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನು.

ಇದು ಮುಖ್ಯವಾಗಿ ತಯಾರಾಗೋದು ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲಿ. ಸಾಮಾನ್ಯವಾಗಿ ಸುತ್ತಿಟ್ಟ ನೂಲಿನುಂಡೆಯ ಹಾಗೆ ರಕ್ತದಲ್ಲಿ ತೇಲುತ್ತಿರುತ್ತೆ. ನಾಳ ಹರಿದರೆ ಗಾಯದ ಜಾಗಕ್ಕೆ ಅಂಟಿಕೊಂಡು, ಹರಿಯುವ ರಕ್ತದ ಸೆಳೆತಕ್ಕೆ ಬಿಚ್ಚಿಕೊಂಡು ನೀಳವಾಗುತ್ತೆ. ಪ್ಲೇಟ್‌ಲೆಟ್‌ಗಳು ಅದಕ್ಕೆ ಸಿಕ್ಕಿ ಗಾಯ ಮುಚ್ಚುತ್ತವೆ. ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನು ಹೊತ್ತು ಕಾಪಾಡೋದೂ ಇದೇ. ಆದರೆ ನೂಲು ಅತಿ ಉದ್ದವಾಗಿ ಉಳಿದರೆ ಬೇಡದ ಕಡೆಯೂ ಹೆಪ್ಪುಗಟ್ಟೀತು. ಹಾಗಾಗಿ ಅದನ್ನು ಕತ್ತರಿಸಿ ಹದಕ್ಕೆ ತರೋ ಕಿಣ್ವವೂ ರಕ್ತದಲ್ಲೇ ಇದೆ. ತೊಂದರೆಯಾದ ಜಾಗದಲ್ಲಷ್ಟೇ ಚಾಲೂ ಆಗಬೇಕು, ಅತಿಯಾಗದಂತೆ ಕಾವಲೂ ಇರಬೇಕು. ದಿನವೂ ಕೋಡ್ ಬರೆಯೋ ನನಗೆ ಅಸೂಯೆ ಆಗೋವಷ್ಟು ಒಳ್ಳೇ ವಿನ್ಯಾಸ!

ಈ ಹೆಸರಿನ ಹಿಂದೆ ಒಂದು ನೋವಿನ ಕಥೆಯಿದೆ. 1924ರಲ್ಲಿ ಫಿನ್‌ಲೆಂಡಿನ ಓಲಾಂಡ್ ದ್ವೀಪಗಳಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ಹೆಲ್ಸಿಂಕಿಯ ವೈದ್ಯ ಎರಿಕ್ ವಾನ್ ವಿಲೆಬ್ರಾಂಡ್ ಬಳಿಗೆ ತಂದರು. ಅವಳ ಒಡಹುಟ್ಟಿದವರಲ್ಲಿ ಕೆಲವರು ಆಗಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ಹಿಮೋಫಿಲಿಯಾ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತೆ. ಇಲ್ಲಿ ಹೆಣ್ಣುಮಕ್ಕಳೂ ನರಳುತ್ತಿದ್ದರು. ಇದು ಬೇರೆಯೇ ಕಾಯಿಲೆ ಎಂದು ಅವರು 1926ರಲ್ಲಿ ಬರೆದರು. ಆ ಹುಡುಗಿ ಮಾತ್ರ ಉಳಿಯಲಿಲ್ಲ. ಹದಿಮೂರರ ವಯಸ್ಸಿನಲ್ಲಿ, ನಾಲ್ಕನೇ ಸಲ ಮುಟ್ಟಾದಾಗ, ರಕ್ತ ನಿಲ್ಲದೆ ತೀರಿಕೊಂಡಳು.

ಇವತ್ತು ಹಾಗಾಗಬೇಕಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್, ಡೆಸ್ಮೋಪ್ರೆಸಿನ್‌ನಂಥ ಔಷಧಿಗಳಿವೆ. ತೀವ್ರವಾಗಿದ್ದರೆ ಆ ಪ್ರೋಟೀನನ್ನೇ ಕೊಡುತ್ತಾರೆ. ಕಷ್ಟ ಇರೋದು ಗುರುತಿಸೋದರಲ್ಲಿ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಅಂತ ಗೊತ್ತಾಗುತ್ತೆ, ಕಾರಣ ಗೊತ್ತಾಗಲ್ಲ. ಇದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ಒತ್ತಡದಲ್ಲಿ, ಬಸಿರಿನಲ್ಲಿ ಈ ಪ್ರೋಟೀನಿನ ಮಟ್ಟ ಏರೋದರಿಂದ ಕೆಲವೊಮ್ಮೆ ಎರಡನೇ ಸಲವೂ ಮಾಡಿಸಬೇಕಾಗುತ್ತೆ.

ಇದು ವಂಶದಲ್ಲಿ ಬರೋ ಕಾಯಿಲೆ. ಅಂದ್ರೆ, ಸಮಾಧಾನಕ್ಕೆಂದು ನಾವು ಹೇಳೋ "ನಮ್ಮ ಮನೇಲಿ ಎಲ್ಲರಿಗೂ ಹಾಗೇ" ಅನ್ನೋ ಮಾತೇ ಡಾಕ್ಟರಿಗೆ ಬೇಕಾದ ಮೊದಲ ಸುಳಿವು! ಮುಟ್ಟು ಏಳು ದಿನ ದಾಟುತ್ತಿದ್ದರೆ, ಗಂಟೆಗೊಂದು ಪ್ಯಾಡ್ ಬೇಕಾದರೆ, ಮೂಗಿನ ರಕ್ತ ಬೇಗ ನಿಲ್ಲದಿದ್ದರೆ, ಸುಮ್ಮಸುಮ್ಮನೆ ಮೈಮೇಲೆ ನೀಲಿ ಕಲೆ ಏಳುತ್ತಿದ್ದರೆ, ಆ ಮಾತನ್ನು ಅಡುಗೆಮನೆಯಲ್ಲೇ ಬಿಡಬೇಡಿ. ಡಾಕ್ಟರ ಮುಂದೆ ಹೇಳಿ. ಆಪರೇಷನ್ ಅಥವಾ ಹೆರಿಗೆಗೆ ಮುಂಚೆಯಂತೂ ಹೇಳಲೇಬೇಕು.