ಅವಧಾನದ ಕೊರತೆ: ಹೆಸರಿನ ಆಸರೆ ಮತ್ತು ಮಿತಿ

ಶಾಲೆಯ ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ತಂದೆ-ತಾಯಿಗಳು ಇಟ್ಟ ಹೆಸರೊಂದೇ ಇರುತ್ತದೆ. ತರಗತಿಯಲ್ಲಾದರೋ ಕೆಲವರಿಗೆ ಎರಡನೆಯ ಹೆಸರೊಂದು ಬಂದು ಅಂಟಿಕೊಳ್ಳುತ್ತದೆ. ಸೋಮಾರಿ, ಉಡಾಳ, ಮಂಕ, ಲಕ್ಷ್ಯವಿಲ್ಲದವನು - ಇವು ಯಾವ ಪರೀಕ್ಷೆಯೂ ಇಲ್ಲದೆ ದೊರೆಯುವ ಬಿರುದುಗಳು. ಪದೇ ಪದೇ ಕೇಳಿದ ಬಿರುದನ್ನು ಮಗು ಕ್ರಮೇಣ ನಂಬತೊಡಗುತ್ತದೆ. ಇಂತಹ ಬಿರುದುಗಳನ್ನು ಹೊತ್ತು ಬೆಳೆದ ಅನೇಕರು ನಡುವಯಸ್ಸಿನಲ್ಲಿ ವೈದ್ಯರಿಂದ ಒಂದು ರೋಗನಿದಾನದ ಹೆಸರನ್ನು ಪಡೆದು, ದುಃಖಿಸುವುದಕ್ಕೆ ಬದಲಾಗಿ ಸಮಾಧಾನದ ನಿಟ್ಟುಸಿರು ಬಿಡುತ್ತಿರುವುದು ಶಿಕ್ಷಣಾಸಕ್ತರೆಲ್ಲರೂ ವಿಚಾರಿಸಬೇಕಾದ ಸಂಗತಿ.

ಆ ಹೆಸರು ಅವಧಾನ ನ್ಯೂನತೆ ಹಾಗೂ ಅತಿಚಟುವಟಿಕೆಯ ದೋಷ, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಜಗತ್ತಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಯಲ್ಲಿ ಇದು ಕಂಡುಬರುತ್ತದೆಂದು ಅಂದಾಜು. ಅನುವಂಶೀಯತೆಯ ಪಾತ್ರ ಇದರಲ್ಲಿ ಹಿರಿದು. ಅವಧಾನವೇ ಇಲ್ಲವೆಂದು ಇದರ ಅರ್ಥವಲ್ಲ. ಅವಧಾನವನ್ನು ಬೇಕಾದ ಕಡೆಗೆ, ಬೇಕಾದ ವೇಳೆಯಲ್ಲಿ ತಿರುಗಿಸುವ ಶಕ್ತಿ ದುರ್ಬಲವಾಗಿರುತ್ತದೆ. ಹಳೆಯ ರೇಡಿಯೋ ಒಂದನ್ನು ಬಿಚ್ಚಿ ಮೂರು ಗಂಟೆ ಕಾಲ ಮೈಮರೆತು ಕೂರುವ ಹುಡುಗನೇ ಎರಡು ಸಾಲಿನ ಲೆಕ್ಕವನ್ನು ಮುಗಿಸಲಾರನು. ನೋಡುವವರಿಗೆ ಇದು ಹಟವೆಂದು ತೋರುವುದು ಸಹಜ. ಬಾಲ್ಯ ಕಳೆದೊಡನೆ ಇದು ತಾನಾಗಿ ಮಾಯವಾಗುವುದೆಂಬ ಹಿಂದಿನ ನಂಬಿಕೆಯೂ ಸರಿಯಲ್ಲವೆಂದು ಈಗ ತಿಳಿದುಬಂದಿದೆ.

ಈ ಸ್ಥಿತಿಗೆ ವೈದ್ಯಶಾಸ್ತ್ರವು ಕೊಡುತ್ತ ಬಂದ ಹೆಸರುಗಳ ಇತಿಹಾಸವೇ ಬೋಧಪ್ರದವಾದುದು. 1902ರಲ್ಲಿ ಲಂಡನ್ನಿನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು ಬುದ್ಧಿ ಕುಂದದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿ, ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದರು. ಮುಂದೆ 1960ರ ದಶಕದಲ್ಲಿ ಅದು ಮಿದುಳಿನ ಅಲ್ಪ ವೈಕಲ್ಯವಾಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1968ರಲ್ಲಿ ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆಯೆಂದೂ, 1980ರಲ್ಲಿ ಅವಧಾನ ನ್ಯೂನತೆಯೆಂದೂ, 1987ರಲ್ಲಿ ಇಂದಿನ ಹೆಸರಿನಿಂದಲೂ ದಾಖಲಾಯಿತು. ನೀತಿಯ ದೋಷವೆಂಬಲ್ಲಿಂದ ಅವಧಾನದ ದೋಷವೆಂಬಲ್ಲಿಗೆ ಬರಲು ಎಪ್ಪತ್ತೆಂಟು ವರ್ಷಗಳು ಬೇಕಾದವು. ತರಗತಿಯ ಆಡುಮಾತು ಅನೇಕ ಕಡೆಗಳಲ್ಲಿ ಇನ್ನೂ 1902ರಲ್ಲಿಯೇ ನಿಂತಿದೆ.

1987ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಂತಹ ಮಕ್ಕಳ ತಂದೆ-ತಾಯಿಗಳು ಕೂಡಿ ಚಾಡ್ ಎಂಬ ಸಂಘವನ್ನು ಕಟ್ಟಿದರು. ಮೊದಲು ಮಕ್ಕಳಿಗಾಗಿಯೇ ಹುಟ್ಟಿದ ಆ ಸಂಸ್ಥೆ ಮುಂದೆ ವಯಸ್ಕರನ್ನೂ ತನ್ನ ಹೆಸರಿನೊಳಗೆ ಸೇರಿಸಿಕೊಂಡಿತು. ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದ ತಂದೆಯೋ ತಾಯಿಯೋ ಲಕ್ಷಣಗಳ ಪಟ್ಟಿಯಲ್ಲಿ ತಮ್ಮನ್ನೇ ಗುರುತಿಸಿಕೊಂಡ ಉದಾಹರಣೆಗಳು ಹಲವು. 1993ರಲ್ಲಿ ಕೇಟ್ ಕೆಲ್ಲಿ ಮತ್ತು ಪೆಗ್ಗಿ ರಮುಂಡೊ ಎಂಬ ಇಬ್ಬರು ಮಹಿಳೆಯರು ಬರೆದ ಪುಸ್ತಕದ ಹೆಸರೇ ‘ಹಾಗಾದರೆ ನಾನು ಸೋಮಾರಿಯಲ್ಲವೇ, ದಡ್ಡಳಲ್ಲವೇ, ಹುಚ್ಚಿಯಲ್ಲವೇ’ ಎಂಬರ್ಥದ್ದು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದೆ ಉಳಿದವರಾದುದರಿಂದ, ಈ ಪ್ರಶ್ನೆಯಲ್ಲಿ ಅವರ ನೋವು ವಿಶೇಷವಾಗಿ ಅಡಗಿದೆ. ಒಂದೇ ಬಗೆಯ ತೊಂದರೆಯುಳ್ಳವರು ಒಂದೆಡೆ ಸೇರಿದಾಗ ಕಣ್ಣೀರನ್ನಷ್ಟೇ ಹಂಚಿಕೊಳ್ಳುವುದಿಲ್ಲ, ಉಪಾಯಗಳನ್ನೂ ಹಂಚಿಕೊಳ್ಳುತ್ತಾರೆ. ಕೆಲಸವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆಯುವುದು, ಮರೆಯಬಾರದ ವಸ್ತುವನ್ನು ಹೊಸ್ತಿಲ ಬಳಿಯೇ ಇಡುವುದು, ಇನ್ನೊಬ್ಬರ ಜೊತೆಯಲ್ಲಿ ಕುಳಿತು ಕೆಲಸ ಮುಗಿಸುವುದು - ಇವೆಲ್ಲ ಅನುಭವಿಗಳಿಂದ ಅನುಭವಿಗಳಿಗೆ ಹರಿದುಬಂದ ಜ್ಞಾನ.

ಇದನ್ನು ಕಂಡು, ಹೆಸರಿನ ನೆಪದಲ್ಲಿ ಜವಾಬ್ದಾರಿಯಿಂದ ಜಾರಿಕೊಳ್ಳುವ ಹಂಚಿಕೆಯೆಂದು ಆಕ್ಷೇಪಿಸುವವರಿದ್ದಾರೆ. ನೆಪಕ್ಕೂ ಕಾರಣಕ್ಕೂ ಇರುವ ಅಂತರವನ್ನು ಅವರು ಗಮನಿಸಬೇಕು. ನೆಪವು ಪ್ರಯತ್ನವನ್ನು ನಿಲ್ಲಿಸುತ್ತದೆ. ಕಾರಣ ತಿಳಿದವನು ಪ್ರಯತ್ನದ ದಾರಿಯನ್ನು ಬದಲಾಯಿಸುತ್ತಾನೆ. ಇಪ್ಪತ್ತು ವರ್ಷ ಸೋಮಾರಿಯೆನಿಸಿಕೊಂಡವನಿಗೆ ಆ ಬೈಗುಳವೆಂದೂ ಚುರುಕು ತಂದುಕೊಟ್ಟಿಲ್ಲವೆಂಬುದನ್ನೂ ನೆನೆಯಬೇಕು.

ಆದರೂ ಆಕ್ಷೇಪದಲ್ಲಿ ತಿರುಳಿಲ್ಲದೇ ಇಲ್ಲ. ಹೀಗೆ ವರ್ಗೀಕರಣಕ್ಕೆ ಒಳಗಾದ ಮನುಷ್ಯರು ಆ ವರ್ಗಕ್ಕೆ ತಕ್ಕಂತೆ ತಮ್ಮನ್ನು ತಾವು ಮಾರ್ಪಡಿಸಿಕೊಳ್ಳುತ್ತಾರೆಂದು ಕೆನಡಾದ ತತ್ತ್ವಜ್ಞ ಇಯಾನ್ ಹ್ಯಾಕಿಂಗ್ ತೋರಿಸಿಕೊಟ್ಟರು. ಲಕ್ಷಣಗಳು ಏಳನೆಯ ವಯಸ್ಸಿಗೆ ಮೊದಲೇ ತೋರಿರಬೇಕೆಂದಿದ್ದ ನಿಯಮವನ್ನು 2013ರ ಕೈಪಿಡಿ ಹನ್ನೆರಡಕ್ಕೆ ವಿಸ್ತರಿಸಿತು. ಮಕ್ಕಳಿಗೆ ಒಂಬತ್ತರಲ್ಲಿ ಆರು ಲಕ್ಷಣಗಳಿರಬೇಕೆಂದೂ, ಹದಿನೇಳು ದಾಟಿದವರಿಗೆ ಐದು ಸಾಕೆಂದೂ ಗೊತ್ತುಪಡಿಸಿತು. ನಿನ್ನೆ ಗೆರೆಯ ಹೊರಗಿದ್ದವರು ಇಂದು ಒಳಗಾದರು. ತೊಂದರೆ ನಿಜವಾದರೂ ಗೆರೆ ಮನುಷ್ಯರೇ ಎಳೆದುದು. ಆದುದರಿಂದ ಆ ಹೆಸರನ್ನು ಜನ್ಮಜಾತಕವೆಂದು ತಿಳಿದು ತನ್ನ ಸರ್ವಸ್ವವನ್ನೂ ಅದರಲ್ಲಿಯೇ ಓದಿಕೊಳ್ಳುವುದು ಹಳೆಯ ಬಿರುದಿನ ಜಾಗದಲ್ಲಿ ಹೊಸ ಬಿರುದನ್ನು ಕೂಡಿಸಿದಂತೆಯೇ ಸರಿ. ಒಬ್ಬ ಹುಡುಗ ಎ.ಡಿ.ಎಚ್.ಡಿ. ಉಳ್ಳವನಾಗಿರುವಂತೆಯೇ ಒಳ್ಳೆಯ ಹಾಡುಗಾರನೂ, ತಂಗಿಯ ಮೇಲೆ ಮಮತೆಯುಳ್ಳವನೂ ಆಗಿರುತ್ತಾನೆ.

ಕನ್ನಡ ನಾಡಿನ ಶಾಲೆಗಳಿಗೆ ಈ ವಿಚಾರ ದೂರದ್ದಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಮೂವರಾದರೂ ಇಂತಹವರಿರಬಹುದೆಂಬುದು ಮೇಲಿನ ಅಂದಾಜಿನಿಂದಲೇ ಸ್ಪಷ್ಟ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ವಿಭಾಗವಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ಕಲಿಕೆಯ ನಿರ್ದಿಷ್ಟ ನ್ಯೂನತೆ ಸೇರಿದೆಯೇ ಹೊರತು ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲ. ಅಂದಮೇಲೆ ಇಂತಹ ಮಗುವಿನ ಭಾಗ್ಯವು ಬಹುಮಟ್ಟಿಗೆ ಅಧ್ಯಾಪಕರ ಅಂತಃಕರಣವನ್ನೇ ಅವಲಂಬಿಸಿದೆ.

ನಿದಾನ ಹೇಳುವುದು ಅಧ್ಯಾಪಕರ ಕೆಲಸವಲ್ಲ, ಅದು ವೈದ್ಯರದು. ಕಂಡದ್ದನ್ನು ಪೋಷಕರಿಗೆ ಮೃದುವಾಗಿ ತಿಳಿಸುವುದು, ಮುಂದಿನ ಸಾಲಿನಲ್ಲಿ ಕೂರಿಸುವುದು, ದೀರ್ಘವಾದ ಪಾಠವನ್ನು ತುಂಡು ಮಾಡಿ ಕೊಡುವುದು, ಸೀಮೆಸುಣ್ಣ ತರುವ ನೆಪದಲ್ಲಿಯಾದರೂ ಎದ್ದು ಓಡಾಡಲು ಅವಕಾಶ ಕೊಡುವುದು, ಎಲ್ಲಕ್ಕೂ ಮಿಗಿಲಾಗಿ ಹತ್ತು ಜನರೆದುರು ಹಂಗಿಸದಿರುವುದು - ಇಷ್ಟು ಅವರ ಕೈಯಲ್ಲಿದೆ. ಕಟ್ಟಡಗಳಿಗೆ ಉದಾರವಾಗಿ ನೆರವಾದ ದಾನಿಗಳು ತಿಂಗಳಿಗೆರಡು ಬಾರಿ ಬಂದು ಹೋಗುವ ಆಪ್ತ ಸಮಾಲೋಚಕರೊಬ್ಬರ ವೆಚ್ಚವನ್ನು ವಹಿಸಿಕೊಂಡರೆ ಅದೂ ಒಂದು ಕೊಠಡಿಯಷ್ಟೇ ಶಾಶ್ವತವಾದ ದಾನ. ಹಳೆಯ ವಿದ್ಯಾರ್ಥಿಗಳಲ್ಲಿ ಈ ಸಾಲುಗಳನ್ನು ಓದುತ್ತ ತಮ್ಮ ಬಾಲ್ಯವನ್ನು ಗುರುತಿಸಿಕೊಳ್ಳುವವರಿದ್ದರೆ, ಅವರು ಬಂದು ಮಕ್ಕಳೆದುರು ಒಂದು ಗಂಟೆ ಮಾತನಾಡಲಿ. ಕಡೆಯ ಬೆಂಚಿನಲ್ಲಿ ಕುಳಿತವನಿಗೆ ತನ್ನಂತಹವರು ಬೇರೆಯೂ ಇದ್ದಾರೆ, ಅವರು ಬಾಳಿ ತೋರಿಸಿದ್ದಾರೆ ಎಂಬ ಧೈರ್ಯವು ನಿದಾನಪತ್ರ ಬರುವ ಮೊದಲೇ ದೊರೆಯುವಂತಾಗಲಿ.