ಸಿಮೆಂಟ್ ಪಟ್ಟಿಯ ಕೆಲಸ ಇಲ್ಲಿನದು, ಪ್ರಾಜೆಕ್ಟ್ ಮ್ಯಾನೇಜರ್ ಕುರ್ಚಿ ಯಾರದು?

ವಾಡಿ: ಕಲಬುರಗಿ ಜಿಲ್ಲೆಯ ಸಿಮೆಂಟ್ ಉದ್ಯಮದಲ್ಲಿ ಮಾಲೀಕತ್ವದ ಬದಲಾವಣೆಗಳು ಒಂದರ ಹಿಂದೊಂದರಂತೆ ನಡೆದಿವೆ. 2022ರ ಸೆಪ್ಟೆಂಬರ್‌ನಲ್ಲಿ ಎಸಿಸಿ ಸಂಸ್ಥೆಯೊಂದಿಗೆ ವಾಡಿಯ ಕಾರ್ಖಾನೆಯೂ ಅದಾನಿ ಸಮೂಹದ ಪಾಲಾಯಿತು. ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆಯನ್ನು ಒಳಗೊಂಡಿದ್ದ ಕೇಸೋರಾಂ ಸಂಸ್ಥೆಯ ಸಿಮೆಂಟ್ ವಿಭಾಗ 2025ರ ಮಾರ್ಚ್ 1ರಿಂದ ಅಲ್ಟ್ರಾಟೆಕ್‌ನಲ್ಲಿ ವಿಲೀನಗೊಂಡಿತು. ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಘಟಕ ಹೊಂದಿರುವ ಓರಿಯಂಟ್ ಸಿಮೆಂಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ಅಂಬುಜಾ ಸಿಮೆಂಟ್ಸ್ ಮೂಲಕ ಅದಾನಿ ಸಮೂಹದ ಹಿಡಿತಕ್ಕೆ ಬಂದಿತು. ಮಳಖೇಡದ ರಾಜಶ್ರೀ ಸಿಮೆಂಟ್ ಮೊದಲೇ ಅಲ್ಟ್ರಾಟೆಕ್‌ನ ಘಟಕ.

ಷೇರುಪೇಟೆಗೆ ಇದು ಪೈಪೋಟಿಯ ಸುದ್ದಿ. ವಾಡಿ, ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿಯ ಡಿಪ್ಲೊಮಾ, ಎಂಜಿನಿಯರಿಂಗ್ ಪದವೀಧರರಿಗೆ ಮಾತ್ರ ಇದು ಬಡ್ತಿಯ ಪ್ರಶ್ನೆ. ಹಲವು ರಾಜ್ಯಗಳಲ್ಲಿ ಕಾರ್ಖಾನೆಗಳಿರುವ ಎರಡು ಬೃಹತ್ ಸಮೂಹಗಳ ಕೈಗೆ ಇಲ್ಲಿನ ಘಟಕಗಳಲ್ಲಿ ಬಹುಪಾಲು ಸೇರಿದ ಮೇಲೆ, ಯಾವ ಯೋಜನೆಯನ್ನು ಯಾರ ಕೈಗೆ ಕೊಡಬೇಕೆಂಬುದು ಅಹಮದಾಬಾದ್ ಮತ್ತು ಮುಂಬೈಗಳಲ್ಲಿ ತೀರ್ಮಾನವಾಗುತ್ತದೆ. ಸ್ಥಳೀಯ ಅಧಿಕಾರಿಯ ಪರಿಚಯ, ಊರಿನ ಮುಖಂಡರ ಶಿಫಾರಸು ಇನ್ನು ಹೆಚ್ಚು ದೂರ ಒಯ್ಯಲಾರವು. ದಾಖಲೆಯಲ್ಲಿ ತೋರಿಸಬಲ್ಲ ಅನುಭವವೇ ಬಂಡವಾಳವಾಗಲಿದೆ.

ಯೋಜನೆಗಳಿಗೆ ಬರವಿಲ್ಲ

ಈ ಭಾಗದಲ್ಲಿ ಯೋಜನೆಗಳಿಗೆ ಎಂದೂ ಕೊರತೆ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ವಾಡಿಯಲ್ಲಿ ಎಸಿಸಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ ಕಾರ್ಖಾನೆಗಳು, 2012ರಲ್ಲಿ ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸ್‌ನ ವಿಕಾ ಸಮೂಹದ ಘಟಕ, 2015ರಲ್ಲಿ ಇಟಗಾ, ಬಳಿಕ ಸೇಡಂ ತಾಲ್ಲೂಕಿನ ಕೋಡ್ಲಾದಲ್ಲಿ ಶ್ರೀ ಸಿಮೆಂಟ್ ತಲೆಯೆತ್ತಿದವು. ಇವುಗಳ ನಡುವೆ ವಿಸ್ತರಣೆ, ವಿದ್ಯುತ್ ಘಟಕ, ರೈಲ್ವೆ ಸೈಡಿಂಗ್, ಮಾಲಿನ್ಯ ನಿಯಂತ್ರಣ ವ್ಯವಸ್ಥೆಗಳ ಕಾಮಗಾರಿಗಳು ನಡೆಯುತ್ತಲೇ ಬಂದಿವೆ. ವಾಡಿಯನ್ನು ಗದಗಿಗೆ ಜೋಡಿಸುವ ಸುಮಾರು 250 ಕಿ.ಮೀ. ಉದ್ದದ ಹೊಸ ರೈಲು ಮಾರ್ಗವೂ ಹಂತಹಂತವಾಗಿ ಸಾಗಿದ್ದು, ಅದರ ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಓಡಿತು.

ಆದರೆ ಭೂಮಿ ಕೊಟ್ಟ ಕುಟುಂಬಗಳ ಮಕ್ಕಳಿಗೆ ದೊರೆಯುವುದು ಹೆಚ್ಚಾಗಿ ಗುತ್ತಿಗೆದಾರರ ಕೈಕೆಳಗಿನ ಕೂಲಿ ಅಥವಾ ಸೂಪರ್‌ವೈಸರ್ ಕೆಲಸ, ಯೋಜನೆಯ ಹೊಣೆ ಹೊರುವ ಕುರ್ಚಿಗೆ ಹೊರಗಿನವರೇ ಬರುತ್ತಾರೆ ಎಂಬುದು ಇಲ್ಲಿನ ಬಹುಕಾಲದ ದೂರು. ದೀಪದ ಬುಡದಲ್ಲೇ ಕತ್ತಲೆಂಬಂತಹ ಈ ಸ್ಥಿತಿಗೆ ವಿದ್ಯಾಭ್ಯಾಸದ ಕೊರತೆಯೊಂದೇ ಕಾರಣವೆನ್ನಲಾಗದು. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದಲೇ ಇದೆ. ಸೆರಾಮಿಕ್ಸ್ ಮತ್ತು ಸಿಮೆಂಟ್ ತಂತ್ರಜ್ಞಾನವನ್ನೇ ಅದು ಒಂದು ವಿಭಾಗವಾಗಿ ಬೋಧಿಸಿದೆ. ಕೊರತೆ ಇರುವುದು ಪದವಿ ಮತ್ತು ಕುರ್ಚಿಯ ನಡುವಿನ ಮೆಟ್ಟಿಲುಗಳಲ್ಲಿ.

ಮೆಟ್ಟಿಲು ಮುರಿದಿರುವುದೆಲ್ಲಿ?

ಕಾರ್ಖಾನೆಯನ್ನು ದಿನನಿತ್ಯ ನಡೆಸುವುದು ಬೇರೆ, ಯೋಜನೆಯನ್ನು ನಿರ್ವಹಿಸುವುದು ಬೇರೆ. ಮೊದಲನೆಯದಕ್ಕೆ ಕೊನೆಯಿಲ್ಲ. ಎರಡನೆಯದಕ್ಕೆ ಆರಂಭದ ದಿನ, ಮುಗಿಯುವ ದಿನ, ನಿಗದಿತ ಹಣ ಮತ್ತು ಒಪ್ಪಿಸಬೇಕಾದ ಫಲಿತಾಂಶ ಇರುತ್ತವೆ. ಹತ್ತು ವರ್ಷ ಯಂತ್ರ ನಡೆಸಿದವನಿಗೆ ಯಂತ್ರದ ಮರ್ಮ ತಿಳಿದಿರುತ್ತದೆ; ಆದರೆ ಅಂದಾಜು, ವೇಳಾಪಟ್ಟಿ, ಖರೀದಿ, ಗುತ್ತಿಗೆ ಕರಾರು ಮತ್ತು ಬಿಲ್ಲುಗಳ ಪರಿಚಯ ಆಗಿರಲೇಬೇಕೆಂದಿಲ್ಲ. ಆದಾಯದಲ್ಲಿ ದೊಡ್ಡ ಜಿಗಿತ ಕಾಣುವುದು ನೌಕರನ ಕೈಗೆ ಬಜೆಟ್ಟು ಬಂದಾಗ. ಸೈಟ್ ಎಂಜಿನಿಯರ್ ಆಗಿದ್ದವನು ಪ್ಲ್ಯಾನಿಂಗ್ ಅಥವಾ ಬಿಲ್ಲಿಂಗ್ ವಿಭಾಗಕ್ಕೆ ಒಮ್ಮೆಯಾದರೂ ಹೋಗಿ ಬರದಿದ್ದರೆ ಮುಂದಿನ ಬಾಗಿಲು ತೆರೆಯುವುದು ಕಷ್ಟ.

ಸಮಯದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಜಿಲ್ಲೆಯಲ್ಲೇ ಇದೆ. 1990ರ ದಶಕದಲ್ಲಿ ಮಂಜೂರಾದ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಸುಮಾರು 110 ಕಿ.ಮೀ. ಮಾರ್ಗದ ವೆಚ್ಚ ಅಷ್ಟರಲ್ಲಿ ಮೂಲ ಅಂದಾಜಿನ ಹಲವು ಪಟ್ಟಾಗಿತ್ತು. ಇಂತಹ ವಿಳಂಬಕ್ಕೆ ಅನುದಾನ, ಭೂಸ್ವಾಧೀನ, ಅನುಮತಿಗಳಂತಹ ಕಾರಣಗಳು ಅನೇಕ. ಅವುಗಳನ್ನು ಮುಂಚಿತವಾಗಿ ಗುರುತಿಸಿ ಮೇಲಿನವರಿಗೆ ಎಚ್ಚರಿಕೆ ನೀಡುವುದೇ ಪ್ರಾಜೆಕ್ಟ್ ಮ್ಯಾನೇಜರನ ಸಂಬಳಕ್ಕಿರುವ ಸಮರ್ಥನೆ.

ಶಟ್‌ಡೌನ್ ಎಂಬ ಪಾಠಶಾಲೆ

ಸಿಮೆಂಟ್ ಪಟ್ಟಿಯ ಯುವಕರಿಗೆ ಈ ವಿದ್ಯೆ ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕ್ಲಿಂಕರ್ ಸುಡುವ ಕಿಲ್ನ್‌ನ ಒಳಗಿನ ಶಾಖನಿರೋಧಕ ಇಟ್ಟಿಗೆ ಸವೆಯುತ್ತದೆ. ಅದನ್ನು ಬದಲಿಸಲು ಕಿಲ್ನ್ ನಿಲ್ಲಿಸಿ, ತಣಿಸಿ, ಹಳೆಯ ಇಟ್ಟಿಗೆ ಒಡೆದು, ಹೊಸದನ್ನು ಜೋಡಿಸಿ ಮತ್ತೆ ನಿಧಾನವಾಗಿ ಕಾಯಿಸಬೇಕು. ಅದೇ ಅವಧಿಯಲ್ಲಿ ಯಾಂತ್ರಿಕ, ವಿದ್ಯುತ್, ಉಪಕರಣ ವಿಭಾಗಗಳ ಕೆಲಸಗಳೂ ಮುಗಿಯಬೇಕು. ದಿನಕ್ಕೆ 10 ಸಾವಿರ ಟನ್ ಸಾಮರ್ಥ್ಯದ ಕಿಲ್ನ್ ಒಂದು ದಿನ ತಡವಾಗಿ ಆರಂಭವಾದರೆ ಅಷ್ಟೂ ಕ್ಲಿಂಕರ್ ನಷ್ಟ. ಆದ್ದರಿಂದ ಶಟ್‌ಡೌನ್ ಎಂದರೆ ಗಂಟೆಗಳ ಲೆಕ್ಕದ ಒಂದು ಪೂರ್ಣ ಪ್ರಾಜೆಕ್ಟ್.

ಯೋಜನಾ ನಿರ್ವಹಣೆಯ ಪ್ರಸಿದ್ಧ ವಿಧಾನವಾದ ‘ಕ್ರಿಟಿಕಲ್ ಪಾತ್’ ಕೂಡ ಇಂತಹ ಕೆಲಸದಲ್ಲೇ ಪಳಗಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆ ರಾಸಾಯನಿಕ ಕಾರ್ಖಾನೆಗಳ ನಿರ್ಮಾಣಕ್ಕೂ ದುರಸ್ತಿಗಾಗಿ ನಿಲ್ಲಿಸುವ ಅವಧಿಯನ್ನು ಕಡಿತಗೊಳಿಸಲೂ ಇದನ್ನು ಬಳಸಿತು. ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂಬುದನ್ನು ಪತ್ತೆಹಚ್ಚುವುದು ಇದರ ತಿರುಳು. ವಾಡಿ ಅಥವಾ ಸೇಡಂನ ಕಿರಿಯ ಎಂಜಿನಿಯರ್ ಮೂರು–ನಾಲ್ಕು ಶಟ್‌ಡೌನ್‌ಗಳ ವೇಳಾಪಟ್ಟಿಯನ್ನು ಸ್ವತಃ ತಯಾರಿಸಿ, ಪ್ರೈಮಾವೆರಾ ಅಥವಾ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ತಂತ್ರಾಂಶದಲ್ಲಿ ಅದನ್ನು ನಿಭಾಯಿಸಬಲ್ಲನಾದರೆ, ಆ ಅನುಭವ ಉಕ್ಕು, ವಿದ್ಯುತ್, ತೈಲ ಶುದ್ಧೀಕರಣ ಕ್ಷೇತ್ರಗಳಲ್ಲೂ ನಡೆಯುವ ನಾಣ್ಯ.

ಪ್ರಮಾಣಪತ್ರ ಮತ್ತು ಪುರಾವೆ

ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 2021ರಲ್ಲಿ ಅಂದಾಜಿಸಿದಂತೆ 2030ರ ವೇಳೆಗೆ ಜಗತ್ತಿಗೆ 2.5 ಕೋಟಿ ಹೊಸ ಯೋಜನಾ ವೃತ್ತಿಪರರು ಬೇಕು. ಅದೇ ಸಂಸ್ಥೆ ಪಿಎಂಪಿ ಪ್ರಮಾಣಪತ್ರವನ್ನೂ ನೀಡುತ್ತದೆ, ಪ್ರಮಾಣಪತ್ರ ಪಡೆದವರ ಸಂಬಳ ಹೆಚ್ಚು ಎಂಬ ಸಮೀಕ್ಷೆಗಳನ್ನೂ ಪ್ರಕಟಿಸುತ್ತದೆ. ಆದ್ದರಿಂದ ಈ ಲೆಕ್ಕಗಳನ್ನು ಎಚ್ಚರಿಕೆಯಿಂದ ಓದುವುದು ಒಳಿತು. ಪಿಎಂಪಿ ಪರೀಕ್ಷೆಗೆ ಕೂರಲು ಪದವೀಧರರು ಯೋಜನೆಗಳನ್ನು ಮುನ್ನಡೆಸಿದ ಮೂರು ವರ್ಷಗಳ ಅನುಭವವನ್ನೂ 35 ಗಂಟೆಗಳ ತರಬೇತಿಯನ್ನೂ ತೋರಿಸಬೇಕು; ಪದವಿ ಇಲ್ಲದವರಿಗೆ ಇನ್ನೂ ಹೆಚ್ಚಿನ ಅನುಭವ ಬೇಕು. ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊಸಬರಿಗೆ ಅನುಭವ ಕೇಳದ ಸಿಎಪಿಎಂ ಇದೆ. ಕಾಲೇಜು ಮುಗಿದೊಡನೆ ಸಾಲ ಮಾಡಿ ಕೋಚಿಂಗ್ ಕೇಂದ್ರದ ಮೆಟ್ಟಿಲೇರುವುದಕ್ಕಿಂತ ಮೊದಲು ಅನುಭವ ಗಳಿಸುವುದೇ ಜಾಣತನ.

ಗುತ್ತಿಗೆ ನೌಕರರ ನಿಜವಾದ ತೊಡಕು ಇರುವುದು ಇಲ್ಲಿಯೇ. ಕೆಲಸ ಮಾಡಿರುತ್ತಾರೆ, ಪುರಾವೆ ಇರುವುದಿಲ್ಲ. ಉಪಗುತ್ತಿಗೆದಾರ ಬದಲಾದಂತೆಲ್ಲ ಸೇವೆ ತುಂಡಾಗುತ್ತದೆ. ಹುದ್ದೆಯ ಹೆಸರು ‘ಸಹಾಯಕ’ ಎಂದೇ ಉಳಿಯುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಈ ಪತ್ರ, ಭವಿಷ್ಯ ನಿಧಿಯ ಪಾಸ್‌ಬುಕ್, ಪ್ರತಿ ಕಾಮಗಾರಿಯ ಅವಧಿ, ಮೊತ್ತ, ತಾನು ಹೊತ್ತ ಹೊಣೆ ಮತ್ತು ಮೇಲಧಿಕಾರಿಯ ಹೆಸರನ್ನು ಬರೆದಿಟ್ಟ ಟಿಪ್ಪಣಿ, ಇವು ಬಡ್ತಿಯ ಮಾತುಕತೆಯಲ್ಲೂ ಪರೀಕ್ಷಾ ಅರ್ಜಿಯಲ್ಲೂ ನೆರವಿಗೆ ಬರುವ ಆಸ್ತಿ.

ಕಾನೂನಿನಿಂದಲೇ ಆಗದು

ರಾಜ್ಯ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿದ್ದ ಮಸೂದೆ ಖಾಸಗಿ ಉದ್ಯಮಗಳ ಆಡಳಿತ ವರ್ಗದಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಪ್ರಸ್ತಾವ ಹೊಂದಿತ್ತು. ಉದ್ಯಮಗಳ ವಿರೋಧದ ಬಳಿಕ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಕಲ್ಯಾಣ ಕರ್ನಾಟಕಕ್ಕೆ ದೊರೆತಿರುವ 371(ಜೆ) ವಿಶೇಷ ಸ್ಥಾನಮಾನದ ಮೀಸಲಾತಿ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗಗಳಿಗೆ ಅನ್ವಯಿಸುತ್ತದೆ. ಕಾರ್ಖಾನೆಯ ಗೇಟಿನೊಳಗೆ ಅದರ ಕೈ ಚಾಚದು. ಮಸೂದೆ ಜಾರಿಯಾಗಿದ್ದರೂ ಮೇಲ್ವಿಚಾರಕನಿಂದ ಹಿರಿಯ ಮ್ಯಾನೇಜರ್‌ವರೆಗೆ ಎಲ್ಲರೂ ಒಂದೇ ವರ್ಗಕ್ಕೆ ಸೇರುತ್ತಿದ್ದ ಕಾರಣ, ಕೆಳಗಿನ ಹುದ್ದೆಗಳನ್ನು ತುಂಬಿ ಲೆಕ್ಕ ಒಪ್ಪಿಸಲು ಅವಕಾಶವಿತ್ತು.

ಪ್ರಯೋಜನವಾಗಬಲ್ಲದ್ದು ಇನ್ನೂ ಸರಳ ಕ್ರಮ. ವಿಸ್ತರಣೆಗೆ ಮುಂದಾಗುವ ಪ್ರತಿ ಕಾರ್ಖಾನೆಯೂ ಯೋಜನಾ ತಂಡದಲ್ಲಿ ಸ್ಥಳೀಯ ಡಿಪ್ಲೊಮಾ ಮತ್ತು ಪದವೀಧರರಿಗೆ ಪ್ಲ್ಯಾನಿಂಗ್, ಖರೀದಿ, ಬಿಲ್ಲಿಂಗ್ ವಿಭಾಗಗಳಲ್ಲಿ ತರಬೇತಿ ಸ್ಥಾನಗಳನ್ನು ಕಲ್ಪಿಸಬೇಕು. ಎಷ್ಟು ಮಂದಿ ಅಲ್ಲಿಂದ ಮೇಲೇರಿದರು ಎಂಬುದನ್ನು ಜಿಲ್ಲಾಡಳಿತ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಒಂದು ಶಟ್‌ಡೌನ್ ಅನ್ನು ಆದಿಯಿಂದ ಅಂತ್ಯದವರೆಗೆ ವಿದ್ಯಾರ್ಥಿಗಳಿಗೆ ತೋರಿಸುವ ಏರ್ಪಾಡು ಮಾಡಿದರೆ ಅದಕ್ಕೆ ದೊಡ್ಡ ವೆಚ್ಚವೇನೂ ತಗಲದು.

ಒಂದು ಕಾಲದಲ್ಲಿ ಸಿಮೆಂಟ್ ಮತ್ತು ಭಾರಿ ಯಂತ್ರಗಳ ತಯಾರಿಕೆಗೆ ಹೆಸರಾಗಿದ್ದ ಶಹಾಬಾದ್, ಕಾರ್ಖಾನೆ ಮುಚ್ಚಿದ ಊರು ಹೇಗಿರುತ್ತದೆ ಎಂಬುದನ್ನು ವಾಡಿಯ ಪಕ್ಕದಲ್ಲೇ ನಿಂತು ತೋರಿಸುತ್ತಿದೆ. ಸುಣ್ಣದ ಕಲ್ಲಿನ ಗಣಿಗೂ ಒಂದು ಕೊನೆಯಿದೆ. ಕಲ್ಲು ಮುಗಿಯುವುದರೊಳಗೆ ಈ ನೆಲದ ಎಷ್ಟು ಮಂದಿ ಬೇರೆಡೆಯೂ ಬೆಲೆ ಬಾಳುವ ವಿದ್ಯೆ ಕಲಿತರು ಎಂಬುದೇ ಸಿಮೆಂಟ್ ಪಟ್ಟಿಯ ಅಭಿವೃದ್ಧಿಗೆ ಸರಿಯಾದ ಅಳತೆಗೋಲು.